ಇಪ್ಪತ್ತೊಂದನೆಯ ಹನಿ

ಹನ್ನೆರಡನೆಯ ಹನಿಗೆ ನೀಲಿ ಬರಬೇಕಿತ್ತು. ಬರಲಿಲ್ಲ.

ಖಾದರ್ ಬಾಷಾ ಗಾಜಿನ ಸಣ್ಣ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಒಳಗಿನ ನೀರು ಇನ್ನೂ ಗುಲಾಬಿ ಬಣ್ಣದಲ್ಲೇ ಇತ್ತು. ಹದಿಮೂರು, ಹದಿನಾಲ್ಕು ಎಂದು ಎಣಿಸುತ್ತ ಮದ್ದಿನ ಹನಿಗಳನ್ನು ಒಂದೊಂದಾಗಿ ಬಿಟ್ಟರು. ಹದಿನೆಂಟು ದಾಟಿದಾಗ ಅವರ ದನಿ ತಗ್ಗಿತು. ಇಪ್ಪತ್ತೊಂದನೆಯ ಹನಿಗೆ ನೀರು ಒಮ್ಮೆಲೇ ನೀಲಿಗೆ ತಿರುಗಿತು.

"ಹನಿಗೆ ಇಪ್ಪತ್ತರಂತೆ ಕ್ಯಾಲ್ಸಿಯಂ ನಾನೂರಿಪ್ಪತ್ತು," ಎಂದು ಅವರು ಕೊಳವೆಯನ್ನು ಮೇಜಿನ ಮೇಲಿಟ್ಟರು. "ಇದು ಆಗೋ ಮಾತಲ್ಲ ಮೇಡಂ."

ಸಬ್ ಇನ್ಸ್‌ಪೆಕ್ಟರ್ ಪ್ರತಿಭಾ ಗೋಡೆಗೆ ಒತ್ತಿ ನಿಂತಿದ್ದ ಇನ್ನೂರು ಲೀಟರಿನ ಗಾಜಿನ ತೊಟ್ಟಿಯನ್ನೇ ನೋಡುತ್ತಿದ್ದಳು. ಬಾಗಿಲು ತೆರೆಯುವಾಗ ಕೊಳೆತ ವಾಸನೆಗೆ ಸಿದ್ಧಳಾಗಿ ಕರ್ಚೀಫು ಕೈಯಲ್ಲಿ ಹಿಡಿದೇ ಬಂದಿದ್ದಳು. ವಾಸನೆ ಇರಲಿಲ್ಲ. ನೀರು ಅಂಚಿನವರೆಗೂ ತುಂಬಿತ್ತು. ಹವಳಗಳು ಮೈ ಬಿಚ್ಚಿಕೊಂಡು ಅಲೆಗೆ ತೂಗುತ್ತಿದ್ದವು.

ವಿದ್ಯಾರಣ್ಯಪುರದ ಈ ಮೊದಲ ಮಹಡಿಯಲ್ಲಿ ಒಬ್ಬಳೇ ಇದ್ದ ರಸಾಯನಶಾಸ್ತ್ರದ ಉಪನ್ಯಾಸಕಿ ಶಾಂತಲಾ, ಹೆಸರಘಟ್ಟ ರಸ್ತೆಯಲ್ಲಿ ಸತ್ತು ಅವತ್ತಿಗೆ ಒಂಬತ್ತು ದಿನ. ಸ್ಕೂಟರಿಗೆ ಗುದ್ದಿದ ಬಿಳಿ ಗಾಡಿ ನಿಂತು, ಹಿಂದಕ್ಕೆ ಬಂದು, ಮತ್ತೆ ಮುಂದೆ ಹೋಯಿತು ಎಂದು ಹಾಲಿನವನೊಬ್ಬ ಹೇಳಿದ್ದರಿಂದಲೇ ಅಪಘಾತದ ಫೈಲು ಪ್ರತಿಭಾಳ ಮೇಜಿಗೆ ಬಂದಿತ್ತು. ಮನೆಯ ಬೀಗದ ಕೈ ಸತ್ತವಳ ಚೀಲದಲ್ಲಿ ಸಿಕ್ಕಿತ್ತು. ಅಂದಿನಿಂದ ಅದು ಠಾಣೆಯ ಬೀರುವಿನಲ್ಲಿತ್ತು.

ಖಾದರ್ ಬಾಷಾರಿಗೆ ಯಶವಂತಪುರದಲ್ಲಿ ಮೀನಿನ ಅಂಗಡಿ. ಈ ತೊಟ್ಟಿಗೆ ಹವಳ ಕೊಟ್ಟವರು ಅವರೇ. ಬದುಕಿರುವುದೇನಾದರೂ ಇದ್ದರೆ ತೆಗೆದುಕೊಂಡು ಹೋಗಿ ಸಾಕಿಕೊಳ್ಳಲಿ ಎಂದು ಪ್ರತಿಭಾ ಕರೆಸಿದ್ದಳು. ಅವರು ಬಂದವರೇ ಬಲೆ ತೆಗೆಯದೆ ಮೊದಲು ನೀರು ಪರೀಕ್ಷೆಗೆ ಕೂತಿದ್ದರು.

ಏನು ಆಗದ ಮಾತು ಎಂದು ಅವಳು ಕೇಳಿದಾಗ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಲೈಟು, ಪಂಪು ತಮ್ಮಷ್ಟಕ್ಕೆ ನಡೆಯುತ್ತವೆ. ಮೀನು ನಾಲ್ಕು ದಿನ ಬಂಡೆಯ ಪಾಚಿ ಕೆರೆದುಕೊಂಡು ಬದುಕೀತು. ಆದರೆ ಕಲ್ಲುಹವಳ ಮೈ ಕಟ್ಟುವುದು ನೀರಿನಲ್ಲಿರುವ ಕ್ಯಾಲ್ಸಿಯಂನಿಂದ, ಮಕ್ಕಳ ಮೂಳೆ ಬೆಳೆದ ಹಾಗೆ. ಈ ತೊಟ್ಟಿ ದಿನಕ್ಕೆ ಅದರ ಇಪ್ಪತ್ತು ಅಂಶ ಕುಡಿಯುತ್ತದೆ. ಕುಡಿದಷ್ಟನ್ನು ದಿನವೂ ವಾಪಸು ಕೊಡಬೇಕು. ಒಂಬತ್ತು ದಿನ ಕೊಡದಿದ್ದರೆ ನಾನೂರಿಪ್ಪತ್ತು ಹೋಗಿ ಇನ್ನೂರ ನಲವತ್ತಕ್ಕೆ ಬಂದಿರಬೇಕು.

"ಇಳೀತಾ ಇಳೀತಾ ಹವಳ ಕುಡಿಯೋದು ನಿಧಾನ ಮಾಡ್ತು ಅಂತ್ಲೇ ಇಟ್ಕೊಳ್ಳಿ," ಎಂದರು. "ಆದ್ರೂ ಮುನ್ನೂರರ ಮೇಲೆ ಇರೋಕೆ ಸಾಧ್ಯ ಇಲ್ಲ. ಯಾರೋ ಕೊಡ್ತಿದಾರೆ ಮೇಡಂ. ದಿನಾ."

ತೊಟ್ಟಿಯ ಮೇಲಿನ ಹಲಗೆಯಲ್ಲಿ ಐದು ಲೀಟರಿನ ಕ್ಯಾನು ಕೂತಿತ್ತು. ಅದರ ಸಣ್ಣ ನಲ್ಲಿಯಿಂದ ಹನಿ ಬೀಳುತ್ತಿತ್ತು. ಒಳಗೆ ಬಂದಾಗಿನಿಂದ ಪ್ರತಿಭಾ ಅದನ್ನು ನೋಡಿದ್ದಳು, ಅದೂ ಯಂತ್ರದ ಕೆಲಸವೇ ಇರಬೇಕೆಂದು ತಿಳಿದಿದ್ದಳು. ಅಲ್ಲ ಎಂದರು ಖಾದರ್ ಬಾಷಾ. ಅದು ಸುಣ್ಣದ ತಿಳಿ. ಎಲೆಯಡಿಕೆಗೆ ಹಚ್ಚುವ ಸುಣ್ಣವೇ, ಶುದ್ಧ ಮಾಡಿದ ಪುಡಿ. ಬೆಳಿಗ್ಗೆ ಶುದ್ಧ ನೀರಿಗೆ ಕಲಸಿ, ಬಿಳಿ ತಳಕ್ಕೆ ಇಳಿದ ಮೇಲೆ, ತಿಳಿಯನ್ನು ಮಾತ್ರ ಇಡೀ ದಿನ ಹನಿಹನಿಯಾಗಿ ಬಿಡಬೇಕು. ಆವಿಯಾಗಿ ಹೋದ ನೀರಿನ ಜಾಗಕ್ಕೂ ಅದೇ. ಅವಸರಕ್ಕೆ ಒಟ್ಟಿಗೆ ಸುರಿದರೆ ಸಂಜೆಯೊಳಗೆ ಎಲ್ಲವೂ ಸತ್ತುಹೋಗುತ್ತದೆ.

ಒಂದು ಕ್ಯಾನು ಬರುವುದು ಒಂದೇ ದಿನ. ಈಗ ಅದು ಮುಕ್ಕಾಲು ತುಂಬಿತ್ತು.

ಪ್ರತಿಭಾ ಹೋಗಿ ಬಾಗಿಲಿನ ಬೀಗ ನೋಡಿದಳು. ಒಂದು ಗೀರೂ ಇರಲಿಲ್ಲ. ಇನ್ನೊಂದು ಕೀ ಯಾರ ಬಳಿಯೋ ಇತ್ತು. ಆ ಯಾರೋ ಇವತ್ತು ಬೆಳಿಗ್ಗೆಯೂ ಬಂದು ಹೋಗಿದ್ದರು.

ಈ ಕೆಲಸ ಇನ್ಯಾರಿಗೆ ಗೊತ್ತು ಎಂದು ಅವಳು ಕೇಳಿದಾಗ ಖಾದರ್ ಬಾಷಾ ಗಾಜಿನ ಕೊಳವೆಯನ್ನು ತೊಳೆದಿಟ್ಟರು. ಆಮೇಲೆ, ಮೂರು ವರ್ಷದ ಹಿಂದೆ ಅಂಗಡಿಗೆ ಮೂವರು ಬಂದಿದ್ದರು ಎಂದರು. ಶಾಂತಲಾ ಮೇಡಂ, ಅವರ ಯಜಮಾನರು, ಐದು ವರ್ಷದ ಮಗಳು. ಹೆಬ್ಬೆರಳಿನಷ್ಟು ಹಸಿರು ಹವಳವೊಂದನ್ನು ಮಗು ತಾನೇ ಆರಿಸಿ, ಅದರ ಕವರನ್ನು ಯಾರ ಕೈಗೂ ಕೊಡದೆ ಎದೆಗವುಚಿಕೊಂಡು ಹೋಗಿತ್ತು. ಸುಣ್ಣ ಕಲಸುವ ಕ್ರಮವನ್ನು ಹಾಳೆಯ ಮೇಲೆ ಬರೆದುಕೊಂಡದ್ದು ಯಜಮಾನರು. ರಸಾಯನಶಾಸ್ತ್ರ ಓದಿದವಳು ಪಕ್ಕದಲ್ಲೇ ಇರುವಾಗ ನಿಮಗ್ಯಾಕೆ ಎಂದು ಮೇಡಂ ನಕ್ಕಿದ್ದರು. ನೀನಿಲ್ಲದಾಗ ಬೇಕಲ್ಲ ಎಂದು ಅವರು ಹೇಳಿದ್ದರು.

ಆ ಮಗು ನೇಸರ ಎರಡು ವರ್ಷದ ಹಿಂದೆ ಯಲಹಂಕದಲ್ಲಿ ತಂದೆಯ ಕಡೆಯ ಅಜ್ಜ ನರಸಿಂಹಯ್ಯ ಕಟ್ಟಿಸುತ್ತಿದ್ದ ಕಟ್ಟಡದ ನೀರಿನ ಸಂಪಿಗೆ ಬಿದ್ದು ತೀರಿಕೊಂಡಿತ್ತು. ಆ ಫೈಲನ್ನೂ ಪ್ರತಿಭಾ ಓದಿದ್ದಳು. ತಾಯಿಯ ಅಜಾಗರೂಕತೆ ಎಂಬ ಎರಡು ಮಾತಿನಲ್ಲಿ ಅದು ಮುಗಿದಿತ್ತು. ಅದಾದ ತಿಂಗಳಿಗೆ ಗಂಡ ಅನಂತರಾಜು ತವರಿಗೆ ಹೋಗುವ ಹೆಂಗಸಿನ ಹಾಗೆ ಒಂದು ಪೆಟ್ಟಿಗೆ ಹಿಡಿದು ಅಪ್ಪನ ಮನೆಗೆ ಹೊರಟುಹೋಗಿದ್ದ. ನೀರಿಗೆ ಮಗು ಹೋದ ಮೇಲೂ ಮನೆಯಲ್ಲಿ ಇಷ್ಟು ನೀರು ಯಾಕೆ ಎಂದು ನೆಂಟರೆಲ್ಲ ಹೇಳಿ ಸೋತರು. ಶಾಂತಲಾ ತೊಟ್ಟಿ ತೆಗೆಯಲಿಲ್ಲ.

ಎರಡು ವರ್ಷದಿಂದ ಆ ಮನೆಯ ಮೆಟ್ಟಿಲು ಹತ್ತಿಲ್ಲ, ನನ್ನ ಬಳಿ ಕೀ ಇಲ್ಲ ಎಂದು ಅನಂತರಾಜು ಬರೆದುಕೊಟ್ಟ ಹೇಳಿಕೆ ಪ್ರತಿಭಾಳ ಬ್ಯಾಗಿನಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಒಳಗಿನಿಂದ ಬಾಗಿಲು ಹಾಕಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಹೊರಗೆ ಮೊದಲ ಬಸ್ಸು ಹೋಯಿತು, ಹೂವಿನವಳು ಕೂಗಿಕೊಂಡು ಹೋದಳು. ಆರೂವರೆಗೆ ಕೀ ತಿರುಗಿತು.

ಬಂದವನು ಚಪ್ಪಲಿಯನ್ನು ಹೊರಗೇ ಬಿಟ್ಟ. ಗಡ್ಡ ಬಿಟ್ಟ, ನಲವತ್ತು ದಾಟಿದ ಗಂಡಸು. ದೀಪ ಹಾಕದೆ ನೇರ ತೊಟ್ಟಿಯ ಬಳಿಗೆ ಹೋಗಿ ಕ್ಯಾನು ಇಳಿಸಿ, ತಳದ ಗಸಿಯನ್ನು ಬಚ್ಚಲಿಗೆ ಚೆಲ್ಲಿ ತೊಳೆದ. ಹೊಸ ನೀರು ತುಂಬಿ, ಚಮಚದಲ್ಲಿ ಪುಡಿ ಅಳೆದು ಹಾಕಿ ಕಲಸಿದ. ಬಿಳಿ ಇಳಿಯುವವರೆಗೆ ತೊಟ್ಟಿಯ ಎಡಮೂಲೆಗೆ ಕುಕ್ಕರುಗಾಲಲ್ಲಿ ಕೂತು, ಶಾಲೆಯ ಮಕ್ಕಳ ಸ್ಕೇಲೊಂದನ್ನು ಗಾಜಿಗೆ ಹಿಡಿದು, ಅಂಗೈ ಅಗಲದ ಹಸಿರು ಹವಳವನ್ನು ಅಳೆಯತೊಡಗಿದ.

ಪ್ರತಿಭಾ ಹೊರಗೆ ಬಂದಳು. ಅವನು ಓಡಲಿಲ್ಲ. ಹೆದರಿದಂತೆಯೂ ಕಾಣಲಿಲ್ಲ.

"ಇನ್ನೊಂದ್ ಹತ್ತು ನಿಮಿಷ ಕೊಡಿ ಮೇಡಂ," ಎಂದ ಅನಂತರಾಜು. "ಇನ್ನೂ ತಿಳಿಯಾಗಿಲ್ಲ. ಈಗ ಬಿಟ್ರೆ ಸತ್ತೋಗ್ತವೆ."

ಅವಳು ಕೊಟ್ಟಳು. ಯಾಕೆ ಕೊಟ್ಟೆ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡಳು. ಇಬ್ಬರೂ ಕ್ಯಾನಿನೊಳಗೆ ಬಿಳಿ ಕೆಳಗಿಳಿಯುವುದನ್ನು ನೋಡಿದರು. ಅವನು ಕ್ಯಾನನ್ನು ಹಲಗೆಗೇರಿಸಿ, ನಲ್ಲಿ ಸಡಿಲಿಸಿ, ಹನಿಯ ಲೆಕ್ಕ ಸರಿಯಾಗುವವರೆಗೂ ನಿಂತು, ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತ.

ಕೀ ಇಲ್ಲ ಎಂದು ಬರೆದುಕೊಟ್ಟದ್ದು ಯಾಕೆ ಎಂದು ಅವಳು ಕೇಳಿದಳು. ಇತ್ತು, ಶಾಂತಲಾ ವಾಪಸು ಕೇಳಲಿಲ್ಲ, ತಾನೂ ಕೊಡಲಿಲ್ಲ ಎಂದ. ಅವಳು ಸತ್ತ ದಿನ ಮಧ್ಯಾಹ್ನವೇ ಬಂದಿದ್ದನಂತೆ. ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು. ಅಲ್ಲಿ ಎಲ್ಲರೂ ಕಾಗದಪತ್ರ ಎಂದು ಓಡಾಡುತ್ತಿದ್ದಾಗ ಇವನಿಗೆ ಇವತ್ತು ಸುಣ್ಣ ಹಾಕಿಲ್ಲ ಎಂಬುದೊಂದೇ ತಲೆಯಲ್ಲಿ ಕೂತಿತ್ತು.

"ನೇಸರ ತಾನೇ ಕೈಹಾಕಿ ಇಟ್ಟಿದ್ದು ಅದು," ಎಂದ ಹಸಿರು ಹವಳದ ಕಡೆ ನೋಡದೆ. "ಅವ್ಳು ಹೋದ್ಮೇಲೂ ಬೆಳೀತಿರೋದು ಅದೊಂದೇ ಮೇಡಂ."

ಪ್ರತಿಭಾ ಬ್ಯಾಗಿನಿಂದ ಶಾಂತಲಾಳ ಫೋನಿನ ದಾಖಲೆ ತೆಗೆದು ಮುಂದಿಟ್ಟಳು. ಸಾಯುವ ಹಿಂದಿನ ದಿನ, ಶನಿವಾರ ಸಂಜೆ, ಶಾಂತಲಾ ಅವನಿಗೆ ಫೋನ್ ಮಾಡಿದ್ದಳು. ಎರಡು ವರ್ಷದಲ್ಲಿ ಮೊದಲ ಸಲ. ಹನ್ನೊಂದು ನಿಮಿಷ. ಡೈವೋರ್ಸಿನ ಕಾಗದದ ವಿಷಯ ಎಂದು ಅವನು ಹೇಳಿಕೆಯಲ್ಲಿ ಬರೆಸಿದ್ದ.

"ಹನ್ನೊಂದು ನಿಮಿಷ ಏನ್ ಮಾತಾಡಿದ್ರಿ?"

ಅವನು ತನ್ನ ಅಂಗೈಗೆ ಅಂಟಿದ್ದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ಕೂತ. ಸುಣ್ಣ ಕಚ್ಚಿ ಚರ್ಮ ಅಲ್ಲಲ್ಲಿ ಕೆಂಪಾಗಿತ್ತು.

"ಸಂಪಿನ ಮುಚ್ಚಳ ತೆಗೆದಿದ್ದು ನಾನು," ಎಂದ.

ಆಮೇಲೆ ಅವನು ಹೇಳಿದ್ದನ್ನು ಪ್ರತಿಭಾ ಒಂದು ಸಲವೂ ತಡೆಯಲಿಲ್ಲ. ಕಟ್ಟಡದಲ್ಲಿ ಅವತ್ತು ಪೂಜೆ ಇತ್ತು. ಬೆಳಿಗ್ಗೆ ಶಾಂತಲಾ ಸಂಪಿನಿಂದ ಒಂದು ಬಕೆಟ್ ನೀರು ಸೇದಿದ್ದು ಎಲ್ಲರಿಗೂ ಗೊತ್ತಿತ್ತು. ಅದಾಗಿ ಗಂಟೆಯ ಮೇಲೆ, ಟ್ಯಾಂಕರ್ ಕರೆಸಬೇಕೋ ಬೇಡವೋ ನೋಡಲು ಇವನು ಮುಚ್ಚಳ ಎತ್ತಿದ. ಅಷ್ಟರಲ್ಲಿ ಫೋನು ಬಂತು. ಮಾತಾಡುತ್ತ ಗೇಟಿನಾಚೆ ಹೋದ. ವಾಪಸು ಬರುವಾಗ ಒಳಗೆ ಹೆಂಗಸರು ಅಳುವುದು ಕೇಳಿಸಿತು.

ಬಕೆಟ್ ಸೇದಿದವಳು ಮುಚ್ಚಳ ಹಾಕಲಿಲ್ಲ ಎಂದು ಮೊದಲು ಹೇಳಿದವಳು ಅವನ ಅಕ್ಕ ನಾಗಲಕ್ಷ್ಮಿ. ತಾಯಿ ಸತ್ತ ಮೇಲೆ ಇವನನ್ನು ಎತ್ತಿ ಬೆಳೆಸಿ, ತನ್ನ ಮದುವೆಯನ್ನೂ ಬಿಟ್ಟು ಆ ಮನೆಯಲ್ಲೇ ಉಳಿದವಳು. ಅವಳ ಮಾತು ಕೇಳಿದ ಎಲ್ಲರೂ ಶಾಂತಲಾಳ ಕಡೆ ತಿರುಗಿದರು. ಅನಂತರಾಜು ಸುಮ್ಮನೆ ನಿಂತಿದ್ದ.

"ಅವತ್ತು ಅಲ್ಲೇ ಬಾಯಿ ಬಿಟ್ಟಿದ್ರೆ ಆಗಿತ್ತು. ಸಂಜೆ ಹೇಳೋಣ ಅಂದ್ಕೊಂಡೆ. ನಾಳೆ ಅಂದ್ಕೊಂಡೆ. ಎರಡು ವರ್ಷ ಆಗೋಯ್ತು."

"ಶಾಂತಲಾ ಏನಂತಿದ್ರು?"

"ಮುಚ್ಚಿದ್ನೋ ಇಲ್ವೋ ಅಂತ ಅವ್ಳಿಗೇ ಗೊತ್ತಿರ್ಲಿಲ್ಲ ಮೇಡಂ. ರಾತ್ರಿ ಎದ್ದು ಕೂತ್ಕೊಂಡು, ಹಿಂಗೆ ಎತ್ತಿದೆ, ಹಿಂಗೆ ಇಟ್ಟೆ ಅಂತ ಕೈ ಆಡಿಸಿ ಆಡಿಸಿ ನೋಡೋಳು. ನಾನು ಪಕ್ಕದಲ್ಲೇ ಮಲಗಿರ್ತಿದ್ದೆ. ಅದನ್ನ ನೋಡಕ್ಕಾಗ್ದೆ ಮನೆ ಬಿಟ್ಟೆ."

ಪ್ರತಿಭಾ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಗದಗಿನಿಂದ ಬಂದು ಹನ್ನೊಂದು ವರ್ಷದ ಪೊಲೀಸ್ ಕೆಲಸದಲ್ಲಿ ಅವಳು ಬೇಕಾದಷ್ಟು ಕೆಟ್ಟವರನ್ನು ನೋಡಿದ್ದಳು. ಇವನ ಮೇಲೆ ಕೋಪ ಬರಬೇಕೆಂದು ಕಾದಳು. ಬಂದದ್ದು ಆ ಹೆಂಗಸಿನ ಎರಡು ಖಾಲಿ ಕೈಗಳ ಚಿತ್ರ ಮಾತ್ರ, ಕತ್ತಲಲ್ಲಿ ಇಲ್ಲದ ಮುಚ್ಚಳವನ್ನು ಎತ್ತಿ ಇಡುತ್ತಿರುವ ಕೈಗಳು.

ಶಾಂತಲಾಳಿಗೆ ನಿಜ ತಿಳಿದದ್ದು ಹೇಗೆ ಎಂದು ಅವಳು ಹೊರಗೆ ನೋಡುತ್ತಲೇ ಕೇಳಿದಳು.

ಆಗ ಆ ಕಟ್ಟಡ ಕಾಯುತ್ತಿದ್ದ ಮುದುಕಿಯೊಬ್ಬಳಿದ್ದಳು, ಮುನಿಕೆಂಪಮ್ಮ. ಅನಂತರಾಜು ಮುಚ್ಚಳ ಎತ್ತಿ ಹೋದದ್ದನ್ನು ಕಂಡಿದ್ದಳು. ಕೆಲಸ ಬಿಡಿಸಿ ಅವಳನ್ನು ಮಾಕಳಿಯ ಮಗಳ ಮನೆಗೆ ಕಳಿಸಿದ್ದರು. ಮಗು ಸತ್ತ ಎರಡನೇ ವರ್ಷದ ತಿಥಿ ಕಳೆದ ಮೇಲೆ ಆ ಮುದುಕಿ ಎರಡು ಬಸ್ಸು ಬದಲಿಸಿ ಸೋಲದೇವನಹಳ್ಳಿಗೆ ಹೋಗಿ, ಕಾಲೇಜಿನ ಗೇಟಿನಲ್ಲಿ ಶಾಂತಲಾಳನ್ನು ಕಾದು ಎಲ್ಲವನ್ನೂ ಹೇಳಿದಳು. ಅದೇ ಸಂಜೆ ಶಾಂತಲಾ ಫೋನು ಮಾಡಿದ್ದು.

"ಬೈತಾಳೆ ಅಂದ್ಕೊಂಡೆ," ಎಂದ ಅನಂತರಾಜು. ಅವನ ದನಿ ಅಲ್ಲಿ ಮೊದಲ ಸಲ ಒಡೆಯಿತು. "ಬೈಲಿಲ್ಲ. ಅಳ್ತಿದ್ಲು. ನಾನು ಮುಚ್ಚಿದ್ದೆ ಅನಂತು, ನಾನು ಮುಚ್ಚಿದ್ದೆ ಅಂತ. ಮುದುಕಿ ಬಂದಿದ್ದನ್ನ ಹೇಳಿದ್ಲು, ಆಮೇಲೆ ಪೂರ್ತಿ ಅದೇ ಮೇಡಂ. ಬೇರೆ ಏನೂ ಹೇಳ್ಲಿಲ್ಲ."

ಎದುರಿಗೆ ಕೂತು ಕ್ಷಮೆ ಕೇಳುತ್ತೇನೆ, ಬೆಳಿಗ್ಗೆ ಏಳಕ್ಕೆ ಹೆಸರಘಟ್ಟ ರಸ್ತೆಯ ಹೋಟೆಲಿಗೆ ಬಾ ಎಂದು ಅವಳನ್ನು ಕರೆದವನು ಅವನೇ. ಏಳರಿಂದ ಎಂಟರವರೆಗೆ ಒಂದೇ ಕಾಫಿ ಮುಂದಿಟ್ಟುಕೊಂಡು ಕಾದ. ಅವಳು ಬರಲಿಲ್ಲ. ಮನಸ್ಸು ಬದಲಾಗಿರಬೇಕು ಎಂದುಕೊಂಡ. ಎದೆಯ ಮೇಲಿನ ಭಾರ ಇಳಿದಂತಾಯಿತು ಎಂದೂ ಹೇಳಿದ, ಹೇಳಿ ಮುಖ ಮುಚ್ಚಿಕೊಂಡ. ಆ ಹೊತ್ತಿಗೆ ಅವಳು ಅದೇ ರಸ್ತೆಯಲ್ಲಿ, ಎರಡು ಕಿಲೋಮೀಟರ್ ಹಿಂದೆ ಬಿದ್ದಿದ್ದಳು.

ಪ್ರತಿಭಾ ಅವನೆದುರು ಬಂದು ಕೂತಳು. "ಅವ್ರು ಆ ಹೊತ್ತಿಗೆ ಆ ರಸ್ತೇಲಿ ಬರ್ತಾರೆ ಅಂತ ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತಿತ್ತು?"

ಅವನು ಮುಖದಿಂದ ಕೈ ತೆಗೆಯಲಿಲ್ಲ.

"ಅನಂತರಾಜು ಅವ್ರೇ. ಯಾರಿಗೆ ಹೇಳಿದ್ರಿ?"

"ಅಕ್ಕಂಗೆ. ಆ ರಾತ್ರಿ ಊಟ ಬೇಡ ಅಂದೆ. ಯಾಕೋ ಅಂತ ತಲೆ ಸವರಿದ್ಲು. ಎಲ್ಲಾ ಹೇಳ್ಬಿಟ್ಟೆ."

"ಮುನಿಕೆಂಪಮ್ಮನ ಹೆಸರೂನಾ?"

ಅವನು ಹೌದೆಂದು ತಲೆಯಾಡಿಸಿದ. ಮತ್ತೆ ಕೇಳದೆಯೇ ಇನ್ನೊಂದು ಮಾತು ಸೇರಿಸಿದ. ನಿನ್ನೆ ಸಂಜೆ, ಪೊಲೀಸರು ಈ ಮನೆಯ ಬಾಗಿಲು ತೆರೆದಿದ್ದಾರೆಂದು ಸುದ್ದಿ ಬಂದಾಗ, ಅಕ್ಕ ಮುನಿಕೆಂಪಮ್ಮನ ಮಗಳ ಮನೆ ಮಾಕಳಿಯಲ್ಲಿ ಎಲ್ಲಿ ಬರುತ್ತದೆ ಎಂದು ವಿಚಾರಿಸಿದ್ದಳು. ಪಾಪ, ಮುದುಕಿಗೆ ಒಂದು ಸೀರೆ ಕೊಟ್ಟು ಬರುತ್ತೇನೆ ಎಂದಿದ್ದಳು. ತನಗೆ ಗೊತ್ತಿದ್ದಷ್ಟು ಗುರುತು ಇವನೇ ಹೇಳಿದ್ದ.

ಪ್ರತಿಭಾ ಆಗಲೇ ಫೋನು ತೆಗೆದಿದ್ದಳು. ಕಾನ್‌ಸ್ಟೇಬಲ್ ಶಿವಪುತ್ರ ವಿಜಯಪುರದ ಕಡೆಯವನು, ಬಾಡಿಗೆಗೆ ಇದ್ದದ್ದು ಮಾಕಳಿಯಲ್ಲೇ. ಡ್ಯೂಟಿಗೆ ಇನ್ನೂ ಹೊರಟಿರಲಿಲ್ಲ. ಅನಂತರಾಜು ಹೇಳಿದ ಗುರುತು ತಿಳಿಸಿ, ಮುದುಕಿಯ ಮನೆಗೆ ಈಗಿಂದೀಗಲೇ ಹೋಗು, ಅವಳನ್ನು ಬಿಟ್ಟು ಕದಲಬೇಡ ಎಂದು ಹೇಳಿ ಇಟ್ಟಳು.

ಹದಿನೈದು ನಿಮಿಷ ಇಬ್ಬರೂ ಕೂತಲ್ಲೇ ಕೂತಿದ್ದರು. ತೊಟ್ಟಿಯಲ್ಲಿ ನೀಲಿ ದೀಪ ತಾನಾಗಿಯೇ ಹತ್ತಿಕೊಂಡಿತು. ಅನಂತರಾಜು ಅಭ್ಯಾಸದಂತೆ ತಲೆಯೆತ್ತಿ ಹನಿ ಬೀಳುತ್ತಿದೆಯೇ ಎಂದು ನೋಡಿದ.

ಶಿವಪುತ್ರನ ಫೋನು ಬಂತು. ಓಡಿ ಬಂದವನ ಏದುಸಿರು ಕೇಳಿಸುತ್ತಿತ್ತು.

"ಮೇಡಮ್ರಿ, ಮುದುಕಿ ಮನ್ಯಾಗಿಲ್ರಿ. ಅರ್ಧಾ ತಾಸಿನ ಹಿಂದ ಯಾರೋ ಹೆಣ್ಮಗಳು ಗಾಡಿ ತಗೊಂಡು ಬಂದು, ಕಣ್ಣಿನ ದವಾಖಾನಿಗೆ ತೋರಸ್ತೀನಿ ಅಂತ ಹೇಳಿ ಕೂಡಿಸ್ಕೊಂಡು ಹೋಗ್ಯಾಳಂತ್ರಿ. ಹಳೇ ಯಜಮಾನರ ಮಗಳು ಅಂತಾರ ಇಲ್ಲಿ ಮಂದಿ."

"ಗಾಡಿ ಎಂಥಾದ್ದು?"

"ಬಿಳೇದಂತ್ರಿ. ಮುಂದಿನ ಬಂಪರ್ ಅಷ್ಟ ಹೊಸಾದು, ಉಳಿದದ್ದೆಲ್ಲಾ ಹಳೇದು ಅಂತ ಮುದುಕಿ ಅಳಿಯ ಹೇಳಾಕತ್ತಾನ."

ಸ್ಪೀಕರಿನಲ್ಲಿದ್ದ ಮಾತು ಅನಂತರಾಜುವಿಗೂ ಕೇಳಿಸಿತ್ತು. ಗಾಡಿ ಸರ್ವೀಸಿಗೆ ಹೋಗಿದೆ ಎಂದು ಅಕ್ಕ ಒಂದು ವಾರದಿಂದ ಹೇಳುತ್ತಿದ್ದಳು ಎಂದು ಅವನು ಹೇಳುತ್ತಿರುವಾಗಲೇ, ಮೇಜಿನ ಮೇಲಿದ್ದ ಅವನ ಫೋನು ಅದುರತೊಡಗಿತು. ಪರದೆಯ ಮೇಲೆ ಅಕ್ಕ ಎಂದು ಬಂತು.

ತೆಗೆಯಿರಿ ಎಂದು ಪ್ರತಿಭಾ ಸನ್ನೆ ಮಾಡಿದಳು. ಸ್ಪೀಕರನ್ನು ತಾನೇ ಒತ್ತಿದಳು.

"ಅನಂತು, ತಿಂಡಿ ತಿಂದ್ಯೇನೋ?" ನಾಗಲಕ್ಷ್ಮಿಯ ದನಿ ಯಾವ ಅವಸರವೂ ಇಲ್ಲದೆ ಬಂತು. ಹಿಂದೆ ಗಾಡಿಯ ಸದ್ದು ಇತ್ತು. "ಡಬ್ಬೀಲಿ ಇಟ್ಟಿದೀನಿ, ತಣ್ಣಗಾಗಕ್ ಮುಂಚೆ ತಿನ್ನು. ಇವತ್ತಿಗೆ ಎಲ್ಲಾ ಮುಗಿದೋಗುತ್ತೆ ಕಣೋ. ನಿನ್ನ ಯಾರೂ ಏನೂ ಮಾಡಕ್ಕಾಗಲ್ಲ."

ಅವಳ ಮಾತಿನ ಹಿಂದೆ ವಯಸ್ಸಾದ ಇನ್ನೊಂದು ದನಿ ಕೇಳಿಸಿತು. "ಇಂಗ್ಯಾಕವ್ವಾ ಬಂದ್ವಿ? ಕಣ್ಣಾಸ್ಪತ್ರೆ ಅತ್ಲಾಗಲ್ವಾ?"

ಎಲ್ಲಿದ್ದೀರಿ ಎಂದು ಕೇಳುವಂತೆ ಪ್ರತಿಭಾ ತುಟಿ ಅಲುಗಿಸಿದಳು. ಅನಂತರಾಜು ಫೋನಿನ ಕಡೆ ಬಾಗಿದ.

"ಅಕ್ಕಾ... ಎಲ್ಲಿದೀಯ ನೀನು?"

ಆ ಕಡೆ ಗಾಡಿ ನಿಂತ ಸದ್ದಾಯಿತು. ಬಾಗಿಲೊಂದು ತೆರೆದುಕೊಂಡಿತು. ನಾಗಲಕ್ಷ್ಮಿ ಮತ್ತೆ ಮಾತಾಡಿದಾಗ ಅವಳ ದನಿ ಮಗುವನ್ನು ಮಲಗಿಸುವಷ್ಟು ಮೆತ್ತಗಿತ್ತು.

"ನಿನ್ನ ಪಕ್ಕದಲ್ಲಿ ಯಾರಿದಾರೆ, ಅನಂತು?"